ಅನ್ನ ಬೇಯದ ಎತ್ತರದಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಲಾ ಪಾಸ್ ನಗರದಲ್ಲಿ ಇಳಿದ ಮೊದಲ ಸಂಜೆಯೇ ನಾನು ಅನ್ನಕ್ಕೆ ಇಟ್ಟೆ. ಊರಿನಿಂದ ಹೊತ್ತು ತಂದಿದ್ದ ಅಕ್ಕಿ. ನೀರೇನೋ ಬೇಗನೆ ಕುದಿಯಿತು, ಕುದಿಯುತ್ತಲೇ ಇತ್ತು. ಅರ್ಧ ಗಂಟೆ ಕಳೆದ ಮೇಲೂ ಅಗುಳನ್ನು ಹಿಚುಕಿದರೆ ನಡುವೆ ಗಟ್ಟಿ ಕಾಳು. ಮನೆಯೊಡತಿ ಇಣುಕಿ ನೋಡಿದರು, ನಕ್ಕರು, ಮೂಲೆಯಲ್ಲಿದ್ದ ಪ್ರೆಷರ್ ಕುಕ್ಕರನ್ನು ತೆಗೆದು ಕೈಗಿಟ್ಟರು. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಲಾ ಪಾಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ನೀರು ಸುಮಾರು 88 ಡಿಗ್ರಿಗೇ ಕುದಿದುಬಿಡುತ್ತದೆ. ಒಲೆ ಎಷ್ಟೇ ಉರಿಸಿ, ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಹೆಚ್ಚು ಬಿಸಿ ಅದಕ್ಕೆ ಏರುವುದೇ ಇಲ್ಲ.

ವಿಮಾನ ನಿಲ್ದಾಣವಂತೂ ಇನ್ನೂ ಮೇಲೆ, ಎಲ್ ಆಲ್ಟೊ ಎಂಬ ಜೋಡಿ ನಗರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿದರೂ ಆ ಓಡುದಾರಿಯ ಮಟ್ಟಕ್ಕೆ ಬರುವುದಿಲ್ಲ. ಗಾಳಿ ತೆಳುವಾದ್ದರಿಂದ ಮೇಲೇರಲು ವಿಮಾನ ಹೆಚ್ಚು ವೇಗವಾಗಿ ಓಡಬೇಕು. ಅದಕ್ಕೇ ಓಡುದಾರಿಯ ಉದ್ದ 4 ಕಿಲೋಮೀಟರ್. ಇಳಿದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಬಗ್ಗಿ ಬೂಟಿನ ದಾರ ಕಟ್ಟಿದರೆ ತಲೆ ಗಿರ್ರೆನ್ನುತ್ತದೆ. ಈ ಕಾಯಿಲೆಗೆ ಅಲ್ಲಿಯವರು ಸೊರೊಚೆ ಎನ್ನುತ್ತಾರೆ. ಅದಕ್ಕೆ ಅವರ ಮನೆಮದ್ದು ಕೋಕಾ ಎಲೆಯ ಕಷಾಯ. ಗಣಿಯ ಕೆಲಸಗಾರರು, ರೈತರು ಆ ಎಲೆಯನ್ನು ಹಾಗೆಯೇ ದವಡೆಗೆ ಒತ್ತಿಕೊಳ್ಳುತ್ತಾರೆ, ಜೊತೆಗೆ ಗಿಡದ ಬೂದಿಯಿಂದ ಮಾಡಿದ ಒಂದು ಚೂರು ಉಂಡೆ. ಅದನ್ನು ನೋಡಿದಾಗ ನನಗೆ ನಗು ಬಂತು. ನಮ್ಮ ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುವುದೂ ಇದೇ ಕ್ಷಾರದ ಕೆಲಸಕ್ಕಲ್ಲವೇ? ಆದರೆ ಎಲೆ ರುಚಿಸಿತೆಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರಬೇಡಿ. ಅಲ್ಲಿ ಸಂತೆಯಲ್ಲಿ ಮಾರುವ ಸರಕು ಇಲ್ಲಿ ಜೈಲಿಗೆ ದಾರಿ.

ಲಾ ಪಾಸ್ ಒಂದು ಬಾಣಲೆಯ ಒಳಗೆ ಕಟ್ಟಿದ ನಗರ. ಗುಡ್ಡದ ಮೇಲೆ ಮನೆ ಎಂದರೆ ಸಿರಿವಂತಿಕೆಯ ಗುರುತು ಎಂದು ನಾವು ತಿಳಿದಿದ್ದೇವೆ, ಇಲ್ಲಿ ತಿರುವುಮುರುವು. ಹಣವಂತರು ಬೆಚ್ಚಗಿನ ತಳದಲ್ಲಿ, ಬಡವರು ಚಳಿ ಕೊರೆಯುವ ಅಂಚಿನಲ್ಲಿ. ಎರಡರ ನಡುವೆ 2014ರಿಂದ ಬಣ್ಣಬಣ್ಣದ ಹೆಸರಿನ ಕೇಬಲ್ ಕಾರುಗಳು ಓಡಾಡುತ್ತಿವೆ. ಅವು ಪ್ರವಾಸಿಗರ ಆಟಿಕೆಯಲ್ಲ, ಊರಿನ ಬಸ್ಸುಗಳೇ ಎನ್ನಬೇಕು. ನನ್ನ ಎದುರು ಕೂತಿದ್ದ ಹೆಂಗಸು ನೆರಿಗೆ ಲಂಗ ತೊಟ್ಟು, ತಲೆಯ ಮೇಲೆ ದುಂಡು ಟೋಪಿ ಇಟ್ಟು, ಬೆನ್ನಿನ ಬಣ್ಣದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ಗಂಟಿನ ಸಮೇತ ಗಾಢ ನಿದ್ದೆಯಲ್ಲಿದ್ದರು. ಕಿಟಕಿಯಾಚೆ 6,438 ಮೀಟರ್ ಎತ್ತರದ ಇಲಿಮಾನಿ ಶಿಖರ ಹಿಮ ಹೊದ್ದು ನಿಂತಿತ್ತು. ಅದನ್ನು ನೋಡಲು ಎದ್ದು ಒದ್ದಾಡುತ್ತಿದ್ದವ ನಾನೊಬ್ಬನೇ.

ಗಂಟಿನಲ್ಲಿ ಏನಿತ್ತೆಂದು ಆಮೇಲೆ ಸಂತೆಯಲ್ಲಿ ಗೊತ್ತಾಯಿತು. ಕಪ್ಪಗೆ, ಹಗುರವಾಗಿ, ಬೆಣಚುಕಲ್ಲಿನಂತೆ ಕಾಣುವ ಗಟ್ಟಿಗಳು. ಹೆಸರು ಚುನ್ಯೊ. ಅದು ಆಲೂಗಡ್ಡೆ. ಜೂನ್ ತಿಂಗಳ ಕಡುಚಳಿಯಲ್ಲಿ ಗೆಡ್ಡೆಗಳನ್ನು ರಾತ್ರಿ ಬಯಲಿನಲ್ಲಿ ಹರಡುತ್ತಾರೆ, ಅವು ಹೆಪ್ಪುಗಟ್ಟುತ್ತವೆ. ಹಗಲು ಬಿಸಿಲಿಗೆ ಮೆತ್ತಗಾದಾಗ ಬರಿಗಾಲಿನಲ್ಲಿ ತುಳಿದು ನೀರು ಹಿಂಡಿ, ಸಿಪ್ಪೆ ಸುಲಿದು, ಒಣಗಿಸುತ್ತಾರೆ. ನಮ್ಮ ಸಂಡಿಗೆಗೆ ಬಿಸಿಲೊಂದೇ ಸಾಕು, ಇದಕ್ಕೆ ಬಿಸಿಲೂ ಬೇಕು, ಮಂಜುಗಡ್ಡೆಯ ರಾತ್ರಿಯೂ ಬೇಕು. ಹೀಗೆ ಒಣಗಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಹಾಸನದ ಹೊಲಗಳಲ್ಲಿ ಇಂದು ಬೆಳೆಯುವ ಆಲೂಗಡ್ಡೆಯ ತವರುಮನೆ ಇದೇ ಆಂಡಿಸ್ ಸೀಮೆ. ಸೂಪಿನಲ್ಲಿ ಹಾಕಿ ಕೊಟ್ಟ ಚುನ್ಯೊ ನನಗೆ ಮಣ್ಣು ಮಣ್ಣಾಗಿ ಕಂಡಿತು, ನಿಜ ಹೇಳುತ್ತೇನೆ. ಎರಡನೆಯ ಬಟ್ಟಲು ಕೇಳಲಿಲ್ಲ.

ಇನ್ನು ಉಯುನಿಯ ಉಪ್ಪಿನ ಬಯಲು. ಬೊಲಿವಿಯಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಇದೊಂದಕ್ಕಾಗಿ ಹೋಗುತ್ತಾರೆ, ಹೋಗಬೇಕಾದ್ದೇ. ಹಿಮಯುಗದ ಕಾಲದ ಭಾರಿ ಸರೋವರ ಒಣಗಿ ಉಳಿದದ್ದು ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಬಿಳಿ ನೆಲ. ಬೆಂಗಳೂರು ನಗರ ಜಿಲ್ಲೆಯಂಥ ನಾಲ್ಕು ಜಿಲ್ಲೆಗಳು ಅದರೊಳಗೆ ಆರಾಮವಾಗಿ ಮಲಗಬಹುದು. ಒಣ ತಿಂಗಳುಗಳಲ್ಲಿ ನೆಲದ ತುಂಬ ಜೇನುಹಲ್ಲೆಯಂಥ ಷಟ್ಕೋನಗಳು ಏಳುತ್ತವೆ. ಅಂಚುಗಳು ಬೆರಳಿಗೆ ಒರಟು, ನಾಲಗೆಗೆ ಇಟ್ಟು ನೋಡಿದರೆ ಕಹಿ ಬೆರೆತ ಉಪ್ಪು. ಅಲ್ಲಲ್ಲಿ ಹೊರಪದರ ತೂತಾಗಿ ಕೆಳಗಿನ ಉಪ್ಪುನೀರು ಬುಳುಬುಳು ಗುಳ್ಳೆ ಬಿಡುತ್ತದೆ. ಇಂಥ ತೂತನ್ನು ಅಲ್ಲಿಯವರು ಉಪ್ಪಿನ ಕಣ್ಣು ಎನ್ನುತ್ತಾರೆ. ಆ ನೀರಿನಲ್ಲೇ ಲಿಥಿಯಂ ಇರುವುದು. ನಮ್ಮ ಮೊಬೈಲುಗಳ ಬ್ಯಾಟರಿಗೆ ಬೇಕಾದ ಈ ಲೋಹದ ಲೋಕದ ಅತಿ ದೊಡ್ಡ ನಿಕ್ಷೇಪಗಳಲ್ಲಿ ಇದೊಂದು.

ಜನವರಿಯಿಂದ ಮಾರ್ಚ್‌ವರೆಗೆ ಮಳೆ ಬಿದ್ದು ಬಯಲಿನ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಇಡೀ ಬಯಲಿನ ಏರಿಳಿತ ಒಂದು ಮೀಟರಿನ ಒಳಗೇ ಇರುವುದರಿಂದ ನೀರು ಎಲ್ಲಿಗೂ ಹರಿಯದೆ ಕನ್ನಡಿಯಾಗುತ್ತದೆ. ನೆಲದ ಎತ್ತರ ಅಳೆಯುವ ಉಪಗ್ರಹದ ಉಪಕರಣಗಳನ್ನು ಸರಿಪಡಿಸಿಕೊಳ್ಳಲು ವಿಜ್ಞಾನಿಗಳು ಈ ಬಯಲನ್ನು ಬಳಸಿದ್ದು ಆ ಸಮತಟ್ಟಿಗಾಗಿಯೇ. ನಮ್ಮ ಜೀಪು ನೀರಿನ ಮೇಲೆ ಆಮೆಯಂತೆ ತೆವಳಿತು. ಎಂಜಿನ್ನಿಗೆ ಉಪ್ಪುನೀರು ಎರಚಿದರೆ ಕಥೆ ಮುಗಿಯಿತು ಎಂದು ಚಾಲಕನ ಭಯ. ಮೇಲೆ ಮೋಡ, ಕೆಳಗೆ ಮೋಡ, ನಡುವೆ ಎಲ್ಲಿಯೂ ಗೆರೆಯಿಲ್ಲ. ಐದು ನಿಮಿಷ ನಿಂತರೆ ಕಾಲು ತಾನಾಗಿ ನೆಲವನ್ನು ತಡಕುತ್ತದೆ.

ಬಯಲಿನ ನಡುವೆ ಇಂಕಾವಾಸಿ ಎಂಬ ದಿಬ್ಬ. ಅದರ ತುಂಬ ಕಳ್ಳಿಗಿಡಗಳು, ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವಂಥವು. ಆಳುದ್ದದ ಕಳ್ಳಿಯ ಪಕ್ಕ ನಿಂತು ಲೆಕ್ಕ ಹಾಕಿದರೆ ಅದು ನೆಲದಿಂದ ಏಳುತ್ತಿದ್ದಾಗ ಮುತ್ತಜ್ಜನೂ ಹುಟ್ಟಿರಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹೋದರೆ ಪಾಚಿಯಿಂದ ಕೆಂಪಾದ ಲಗೂನಾ ಕೊಲರಾಡಾ ಸರೋವರ, ಅದರಲ್ಲಿ ಸಾಲುಸಾಲು ರಾಜಹಂಸಗಳು. ಮೂರು ಜಾತಿಯವು ಒಂದೇ ನೀರಿನಲ್ಲಿ ಮೇಯುತ್ತವೆ. ಅವುಗಳಲ್ಲಿ ಒಂದು ಜಾತಿ ಅಳಿದೇಹೋಯಿತೆಂದು ಪಕ್ಷಿತಜ್ಞರು ಕೈಬಿಟ್ಟಿದ್ದರು, 1950ರ ದಶಕದಲ್ಲಿ ಮತ್ತೆ ಸಿಕ್ಕಿತು. ಬೆಳಗಿನ ಆ ಚಳಿಯಲ್ಲಿ ನನಗೆ ಕೈಗವಸು ತೆಗೆದು ಕ್ಯಾಮರಾ ಒತ್ತುವ ಧೈರ್ಯ ಬರಲಿಲ್ಲ. ಅವು ತೆಳ್ಳನೆಯ ಕಾಲೊಂದರಲ್ಲಿ ನಿಂತೇ ಇದ್ದವು.

ಯುಂಗಸ್ ಘಟ್ಟದ ಹಳೆಯ ರಸ್ತೆಯ ಬಗ್ಗೆ ನೀವು ಕೇಳಿರಬಹುದು, ಸಾವಿನ ರಸ್ತೆ ಎಂದೇ ಅದರ ಹೆಸರು. 4,650 ಮೀಟರಿನ ಹಿಮಗಾಳಿಯಿಂದ ಕಾಫಿ, ಬಾಳೆ ಬೆಳೆಯುವ 1,200 ಮೀಟರಿನ ತಪ್ಪಲಿಗೆ ಒಂದೇ ಉಸಿರಿನಲ್ಲಿ ಇಳಿಯುತ್ತದೆ. ಬೊಲಿವಿಯಾದಲ್ಲಿ ವಾಹನಗಳು ಬಲಕ್ಕೆ ಚಲಿಸುವುದು ನಿಯಮ, ಈ ದಾರಿಯಲ್ಲಿ ಮಾತ್ರ ನಮ್ಮಂತೆ ಎಡಕ್ಕೆ. ಅವರ ವಾಹನಗಳ ಸ್ಟೀರಿಂಗ್ ಎಡಗಡೆ ಇರುತ್ತದೆ. ಹಾಗಾಗಿ ಎಡಕ್ಕೆ ಓಡಿಸಿದರೆ ಇಳಿಯುವ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, ಚಕ್ರ ಮತ್ತು ಪ್ರಪಾತದ ನಡುವೆ ಇನ್ನೆಷ್ಟು ಗೇಣು ಉಳಿದಿದೆ ಎಂದು ಕಣ್ಣಾರೆ ನೋಡಬಹುದು. ಬದಲಿ ರಸ್ತೆ ಬಂದಮೇಲೆ ಈಗ ಇಲ್ಲಿ ಹೆಚ್ಚಾಗಿ ಸೈಕಲ್ ಸವಾರರು. ನಾನು ಬದಲಿ ರಸ್ತೆಯಲ್ಲೇ ಹೋದೆ, ಅದರಲ್ಲಿ ನಾಚಿಕೆಯೇನಿಲ್ಲ.

ಹಿಮನದಿಗಳ ಕಥೆ ಅಷ್ಟು ಚೆನ್ನಾಗಿಲ್ಲ. ಲಾ ಪಾಸ್ ಬಳಿಯ ಚಕಲ್ತಾಯ ಒಂದು ಕಾಲಕ್ಕೆ ಲೋಕದ ಅತಿ ಎತ್ತರದ ಸ್ಕೀ ತಾಣ. 2009ರ ಹೊತ್ತಿಗೆ ಅಲ್ಲಿಯ ಹಿಮನದಿ ಪೂರ್ತಿ ಕರಗಿಹೋಯಿತು. ಈಗ ಬೋಳು ಬಂಡೆಯ ಅಂಚಿನಲ್ಲಿ ಕ್ಲಬ್ಬಿನ ಕಟ್ಟಡವೊಂದು ಉಳಿದಿದೆ. ನನ್ನನ್ನು ಕರೆದೊಯ್ದಿದ್ದ, ಅಲ್ಲಿಯ ಮೂಲನಿವಾಸಿಗಳಾದ ಐಮಾರಾ ಜನಾಂಗದ ಮುದುಕರು ಹಿಮವಿದ್ದ ಕಾಲದ ಮಾತಾಡುವಾಗ ಕೈಯನ್ನು ಮುಂದಕ್ಕೆ ಚಾಚುತ್ತಿದ್ದರು. ಐಮಾರಾ ಭಾಷೆಯಲ್ಲಿ ಕಳೆದದ್ದು ಕಣ್ಣ ಮುಂದೆ, ಬರುವುದು ಬೆನ್ನ ಹಿಂದೆ. ನೋಡಿಯಾದದ್ದು ಮುಂದಲ್ಲದೆ ಎಲ್ಲಿರುತ್ತದೆ ಎಂಬುದು ಅವರ ತರ್ಕ. ನಾವು ಹಿಂದಿನ ಕಾಲ, ಮುಂದಿನ ಕಾಲ ಎನ್ನುವವರು, ನಮಗೆ ಇದು ವಿಚಿತ್ರ. ಆದರೆ ಮುನ್ನ, ಮುಂಚೆ ಎಂಬ ನಮ್ಮ ಪದಗಳನ್ನು ಯೋಚಿಸಿ ನೋಡಿ. ಕಳೆದದ್ದನ್ನು ಕನ್ನಡವೂ ಒಂದು ಕಾಲು ಮುಂದಿಟ್ಟೇ ನೋಡುತ್ತದೆ.

ಟಿಟಿಕಾಕಾ ಸರೋವರದ ಟಿಕಿನಾ ಜಲಸಂಧಿಯಲ್ಲಿ ನಮ್ಮ ಬಸ್ಸನ್ನು ಮರದ ಚಪ್ಪಟೆ ದೋಣಿಗೆ ಹತ್ತಿಸಿ, ನಮ್ಮನ್ನು ಬೇರೊಂದು ದೋಣಿಗೆ ಹತ್ತಿಸಿದರು. ಬಸ್ಸು ತೊಟ್ಟಿಲಿನಂತೆ ತೂಗುತ್ತ ತೇಲಿತು, ಅದರೊಳಗಿದ್ದ ಪಾಸ್‌ಪೋರ್ಟಿನ ಚಿಂತೆ ನನಗೆ. ದಡದಲ್ಲಿ ನೌಕಾಪಡೆಯ ಸೈನಿಕರು. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿಗೆ ಕಡಲತೀರವನ್ನೆಲ್ಲ ಕಳೆದುಕೊಂಡ ದೇಶ ಇದು. ಆದರೂ ನೌಕಾಪಡೆ ಇದೆ, ಪ್ರತಿವರ್ಷ ಮಾರ್ಚ್ 23ರಂದು ಸಮುದ್ರ ದಿನವೂ ಇದೆ. ಕಡಲಿನ ದಾರಿಗಾಗಿ ಹೂಡಿದ ಅವರ ವಾದ 2018ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿಯೂ ಗೆಲ್ಲಲಿಲ್ಲ.

ಬೊಲಿವಿಯಾ ಎಂದರೆ ಬರೀ ಬೆಟ್ಟವೆಂದುಕೊಂಡರೆ ತಪ್ಪು. ಅರ್ಧಕ್ಕಿಂತ ಹೆಚ್ಚು ನೆಲ ತಗ್ಗಿನದು, ಕಾಡು ಹಾಗೂ ಹುಲ್ಲುಗಾವಲು. ಕೊನೆಯ ದಿನ ವಿಮಾನ ಹತ್ತಿ ಸುಮಾರು 400 ಮೀಟರ್ ಎತ್ತರದ ಸಾಂತಾ ಕ್ರೂಸ್ ನಗರಕ್ಕೆ ಇಳಿದೆ. ಸೆಖೆ, ಬೆವರು, ಎದೆ ತುಂಬ ಗಾಳಿ. ಊಟಕ್ಕೆ ಹಾಲು, ಚೀಸ್ ಹಾಕಿ ಮೆತ್ತಗೆ ಬೇಯಿಸಿದ ಅನ್ನ ತಂದಿಟ್ಟರು, ನಮ್ಮ ಮೊಸರನ್ನದ ದಾಯಾದಿಯಂತಿತ್ತು. ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿದೆ. ಹದವಾಗಿ ಬೆಂದಿತ್ತು.

ನಮಸ್ಕಾರ.