ಅರ್ಕಾವತ್ತು ಎಲ್ಲಿ ಹೋಯ್ತು?

ನಮಸ್ಕಾರ. ಕಳೆದ ವರ್ಷ ಏಪ್ರಿಲ್. ದುರ್ಗದ ಬಿಸಿಲು ನಿಮಗೆ ಗೊತ್ತಲ್ಲ, ಕಲ್ಲಿನ ಮೇಲೆ ಕಾಲಿಟ್ಟರೆ ಚಪ್ಪಲಿ ಒಳಗೂ ಸುಡುತ್ತದೆ. ಆ ಬಿಸಿಲಲ್ಲಿ ಬೆಳಿಗ್ಗೆ ಸರಿಯಾಗಿ 11 ಗಂಟೆಗೆ ಇಬ್ಬರು ಕೋಟೆಯೊಳಗಿನ ಅಕ್ಕತಂಗಿ ಹೊಂಡದ ಹತ್ತಿರ ನಿಂತಿದ್ದರು. ಯಾರೋ ಬರುತ್ತಾರೆ, ಏನೋ ಕೊಡುತ್ತಾರೆ ಅಂತ ಕಾಯುತ್ತಿದ್ದರು. ಯಾರೂ ಬರುವುದಿಲ್ಲ ಅನ್ನೋದು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನು ದಾವಣಗೆರೆಯಲ್ಲಿ ಫ್ಯಾನ್ ಕೆಳಗೆ ಕೂತು, ಫೋನ್ ನೋಡುತ್ತಾ ಬೆವರುತ್ತಿದ್ದ.

ನಾನೇ ಅದು.

ಏನಾಗಿತ್ತು ಅಂದರೆ, ಗೆಳೆಯರಿಗೆ ಅಂತ ನಾನೊಂದು ಆಟ ಕಟ್ಟಿದ್ದೆ. ಆಲ್ಟರ್ನೇಟ್ ರಿಯಾಲಿಟಿ ಗೇಮ್, ಚಿಕ್ಕದಾಗಿ ಎಆರ್‌ಜಿ ಅಂತಾರೆ. ಆಪ್ ಇಲ್ಲ, ಸ್ಕೋರ್ ಇಲ್ಲ. ಒಂದು ಕತೆ ಇರುತ್ತದೆ, ಆ ಕತೆಯ ಚೂರುಗಳು ನಿಜ ಜೀವನದಲ್ಲಿ ಚೆಲ್ಲಿರುತ್ತವೆ. ಒಂದು ಪೋಸ್ಟರ್, ಒಂದು ವಾಯ್ಸ್ ಮೆಸೇಜ್, ಯಾವುದೋ ಗೋಡೆಯ ಫೋಟೋ. ಆಡುವವರು ಆನ್‌ಲೈನಲ್ಲಿ ಒಟ್ಟಾಗಿ ಚೂರು ಜೋಡಿಸಬೇಕು. ನನ್ನ ಕತೆಯಲ್ಲಿ ಒಬ್ಬ ಫೋಟೋಗ್ರಾಫರ್ ಕಾಣೆಯಾಗಿದ್ದ. ಆಡಿದ್ದು 23 ಜನ. ಹರಿಹರ, ದುರ್ಗ, ಬೆಂಗಳೂರು, ಒಬ್ಬಳು ಮಸ್ಕತ್‌ನಿಂದ.

ಮೊದಲ ಸುಳಿವು, ಕಾಣೆಯಾಗಿದ್ದಾರೆ ಅನ್ನೋ ಪೋಸ್ಟರ್. ಅದರಲ್ಲಿ ಫಾಂಟ್ ಬದಲಾಯಿಸುವಾಗ ಒಂದು ಅಕ್ಷರ ಕೈಕೊಟ್ಟಿತು. 'ಚಿತ್ರದುರ್ಗ' ಹೋಗಿ 'ಚಿತ್ರದುಗ' ಆಯಿತು. ನಾನು ನೋಡಲೇ ಇಲ್ಲ. ಅವರು ನೋಡಿದರು. ಹತ್ತೇ ನಿಮಿಷದಲ್ಲಿ ಗ್ರೂಪಿನಲ್ಲಿ ಮೆಸೇಜ್: "ಅರ್ಕಾವತ್ತು ಎಲ್ಲಿ ಹೋಯ್ತು?"

ಅಲ್ಲಿಂದ ಶುರು. ಪೋಸ್ಟರಿನಲ್ಲಿ ಉಳಿದ ಅರ್ಕಾವತ್ತುಗಳನ್ನೆಲ್ಲ ಎಣಿಸಿದರು. 11 ಇತ್ತು. ಅಂದರೆ 11 ಗಂಟೆ. ಕೆಳಗೆ ನಾನು ಸುಮ್ನೆ, ಓದಿದವರ ಕರುಳು ಚುರುಕ್ ಅನ್ನಲಿ ಅಂತ, 'ಅಕ್ಕ, ತಂಗಿ ಇಬ್ಬರೂ ಕಾಯುತ್ತಿದ್ದಾರೆ' ಅಂತ ಬರೆದಿದ್ದೆ. ಮುಗಿಯಿತಲ್ಲ! ಅಕ್ಕತಂಗಿ ಹೊಂಡ, 11 ಗಂಟೆ. ನನಗೇ ಒಂದು ಕ್ಷಣ ಅನುಮಾನ ಬಂತು, ನಾನೇ ಹಾಗೆ ಇಟ್ಟಿದ್ದೆನಾ ಅಂತ.

ಈ ಆಟದಲ್ಲಿ ಒಂದು ನಿಯಮ ಇದೆ. ಆಟ ಕಟ್ಟಿದವನು ಬಾಯಿ ಬಿಡುವ ಹಾಗಿಲ್ಲ. ಅವನನ್ನು ಪಪೆಟ್ ಮಾಸ್ಟರ್ ಅಂತಾರೆ. ನಮ್ಮ ತೊಗಲುಗೊಂಬೆ ಆಟ ನೆನಪು ಮಾಡಿಕೊಳ್ಳಿ. ಗೊಂಬೆ ಆಡಿಸುವವನು ಪರದೆ ಸರಿಸಿ ಹೊರಗೆ ಬಂದು, 'ಸ್ವಾಮಿ, ಆ ಕಾಲು ತಪ್ಪಾಗಿ ಅಲ್ಲಾಡಿತು' ಅಂದರೆ ಅಲ್ಲಿಗೆ ರಾಮಾಯಣ ಮುಗಿಯಿತು. ಹಾಗಾಗಿ ನಾನು ಬುರುಜನಹಟ್ಟಿಯ ಗೆಳೆಯನಿಗೆ ಫೋನ್ ಮಾಡಿ, ಒಂದು ಚೀಟಿಯಲ್ಲಿ ಮುಂದಿನ ಸುಳಿವು ಬರೆಸಿ, ಕೋಟೆಗೆ ಓಡಿಸಿದೆ. ಅವನು ಏದುಸಿರು ಬಿಡುತ್ತಾ 11:40ಕ್ಕೆ ತಲುಪಿದ. ಚೀಟಿ ಕೊಟ್ಟ. ಗ್ರೂಪಿನಲ್ಲಿ ಹಬ್ಬ.

ನಗಬೇಡಿ. ಈ ಎಡವಟ್ಟಿನಿಂದಲೇ ನನಗೆ ಒಂದು ವಿಷಯ ತಲೆಗೆ ಹತ್ತಿದ್ದು. ಅದನ್ನು ಹೇಳೋಕೆ ಅಂತಲೇ ಇವತ್ತು ಕೂತಿದ್ದೇನೆ. ಈ ಆಟಗಳು ಬುದ್ಧಿವಂತರ ಆಟ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇವು ಅರ್ಧ ಉತ್ತರದ ಆಟ. ಅರ್ಧ ಗೊತ್ತಿದ್ದನ್ನು ನಾಲ್ಕು ಜನರ ಮುಂದೆ ನಾಚಿಕೆ ಇಲ್ಲದೆ ಇಡುವವರ ಆಟ.

ದಾವಣಗೆರೆಯಲ್ಲಿ ಓದಿದವರಿಗೆ ಇದು ಸುಲಭ ಅಲ್ಲ. ರಿಸಲ್ಟ್ ಬಂದ ದಿನ ಊರ ತುಂಬ ಫ್ಲೆಕ್ಸ್. ಪ್ರತಿ ಫ್ಲೆಕ್ಸಿನಲ್ಲೂ ಪಾಸ್‌ಪೋರ್ಟ್ ಸೈಜಿನ ಮುಖಗಳು, ಕೆಳಗೆ ಪರ್ಸೆಂಟೇಜು. ನಾನು ಪಿಯುಸಿ ಓದುವಾಗ ಪಕ್ಕದ ಹುಡುಗ ಲೆಕ್ಕ ಮಾಡುವಾಗೆಲ್ಲ ಎಡಗೈಯನ್ನು ಗೋಡೆ ಥರ ಅಡ್ಡ ಇಟ್ಟುಕೊಳ್ಳುತ್ತಿದ್ದ. ಪರೀಕ್ಷೆಯಲ್ಲಿ ಅಲ್ಲ, ಹೋಂವರ್ಕಲ್ಲಿ! ನಾನೂ ಇಡುತ್ತಿದ್ದೆ, ಅವನನ್ನು ಯಾಕೆ ಅನ್ನಲಿ. ಉತ್ತರ ಪೂರ್ತಿ ಆಗುವವರೆಗೆ ತೋರಿಸಬಾರದು, ಪೂರ್ತಿ ಆದ ಮೇಲಂತೂ ತೋರಿಸಲೇಬಾರದು. ಇದು ನಾವು ಕಲಿತ ಪಾಠ.

ಈಗ 2001ಕ್ಕೆ ಬನ್ನಿ. ಒಂದು ಹಾಲಿವುಡ್ ಸಿನಿಮಾ ಪ್ರಚಾರಕ್ಕೆ ಮೈಕ್ರೋಸಾಫ್ಟ್‌ನ ಒಂದು ತಂಡ ಗುಟ್ಟಾಗಿ ಆಟ ಕಟ್ಟಿತು. ಆಮೇಲೆ ಅದಕ್ಕೆ 'ದಿ ಬೀಸ್ಟ್' ಅಂತ ಹೆಸರಾಯಿತು. ಸಿನಿಮಾ ಪೋಸ್ಟರಿನಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳಿರುತ್ತವಲ್ಲ, ಯಾರೂ ಓದದ ಸಾಲು, ಅಲ್ಲಿ ಒಬ್ಬ ಹೆಂಗಸಿನ ಹೆಸರು. ಕೆಲಸ ಏನು ಗೊತ್ತಾ? ಭಾವನೆ ಇರುವ ಯಂತ್ರಗಳಿಗೆ ಥೆರಪಿ ಕೊಡುವುದು. ಇದೇನಪ್ಪ ಅಂತ ಆ ಹೆಸರು ಹುಡುಕಿದವರು 2142ನೇ ಇಸವಿಯ ಒಂದು ಕೊಲೆ ಕತೆಯೊಳಗೆ ಬಿದ್ದರು. 7,000ಕ್ಕೂ ಜಾಸ್ತಿ ಜನ 'ಕ್ಲೌಡ್‌ಮೇಕರ್ಸ್' ಅಂತ ಗುಂಪು ಕಟ್ಟಿಕೊಂಡರು. ಆಟ ಕಟ್ಟಿದವರು ತಿಂಗಳುಗಟ್ಟಲೆ ಬರುತ್ತದೆ ಅಂತ ಮಾಡಿಟ್ಟಿದ್ದ ಒಗಟುಗಳನ್ನು ಈ ಗುಂಪು ಒಂದೇ ದಿನದಲ್ಲಿ ಖಾಲಿ ಮಾಡಿತು. ಪಾಪ, ತಂಡದವರು ಆಮೇಲೆ ವಾರವಾರಕ್ಕೆ ಹೊಸದು ಹೊಸೆಯುತ್ತಾ ಓಡಬೇಕಾಯಿತು.

ಒಬ್ಬನೇ ಕೂತಿದ್ದರೆ ಅದು ಆಗುತ್ತಿರಲಿಲ್ಲ. ಆ ಒಗಟುಗಳಲ್ಲಿ ಮೋರ್ಸ್ ಕೋಡ್ ಇತ್ತು, ಜರ್ಮನ್ ಇತ್ತು, ಜಪಾನಿ ಇತ್ತು. ಕನ್ನಡವೂ ಇತ್ತು! ಹೌದು, ನಮ್ಮ ಕನ್ನಡ. ಅಮೆರಿಕದಲ್ಲಿ ಈ ಆಟದ ಬಗ್ಗೆ ಬರೆದವರು ಅದನ್ನು ಜಾಸ್ತಿ ಜನಕ್ಕೆ ಗೊತ್ತಿಲ್ಲದ ಭಾಷೆ ಅನ್ನೋ ಥರ ಬರೆದಿದ್ದಾರೆ. ಓದಿದಾಗ ಸಿಟ್ಟು ಬಂತು, ಆಮೇಲೆ ಖುಷಿಯೂ ಆಯಿತು. ಯೋಚನೆ ಮಾಡಿ. ಏಳು ಸಾವಿರ ಜನ ತಲೆ ಕೆರೆದುಕೊಳ್ಳುತ್ತಿರುವಾಗ, ಕನ್ನಡ ಓದಬಲ್ಲ ಒಂದು ಜೀವದ ಬೆಲೆ ಎಷ್ಟು! ಬೇರೆ ದಿನ ಆ ಕನ್ನಡಕ್ಕೆ ಅಲ್ಲಿ ಮೂರು ಕಾಸಿನ ಕೆಲಸ ಇಲ್ಲ. ಆ ಒಂದು ದಿನ ಅದೇ ಬೀಗದ ಕೈ.

ನನ್ನ ಸಣ್ಣ ಆಟದಲ್ಲೂ ಇದೇ ಆಯಿತು. ಎರಡನೇ ಸುಳಿವು ಒಂದು ವಾಯ್ಸ್ ಮೆಸೇಜ್. ಫೋಟೋಗ್ರಾಫರ್ ಗಡಿಬಿಡಿಯಲ್ಲಿ ಏನೋ ಹೇಳುತ್ತಾನೆ. ಬೆಂಗಳೂರಿನ ಸಾಫ್ಟ್‌ವೇರ್ ಗ್ಯಾಂಗ್ ಅದನ್ನು ತಗೊಂಡು ಉಲ್ಟಾ ಪ್ಲೇ ಮಾಡಿತು. ಸ್ಪೆಕ್ಟ್ರೋಗ್ರಾಂ ತೆಗೆದರು. ಅಂದರೆ ಧ್ವನಿಯನ್ನು ಚಿತ್ರವಾಗಿ ನೋಡುವುದು, ಈ ಆಟಗಳಲ್ಲಿ ಅಲ್ಲಿ ಅಕ್ಷರ ಬಚ್ಚಿಡುತ್ತಾರೆ. ನಮ್ಮನೆ ಕುಕ್ಕರ್ ಸೀಟಿ ಹಿಂದೆ ಕೇಳುತ್ತಿತ್ತು, ಅದನ್ನೂ ಬಿಡಲಿಲ್ಲ. ಎಷ್ಟು ಸೀಟಿ ಅಂತ ಎಣಿಸಿದರು. ರಾತ್ರಿ ಹತ್ತೂವರೆಗೆ ಹರಿಹರದ ಗೆಳೆಯನೊಬ್ಬ ಸ್ಪೀಕರಿನಲ್ಲಿ ಹಾಕಿಕೊಂಡು ಕೇಳುತ್ತಿದ್ದಾನೆ. ಅವನ ಅಮ್ಮ ಅಡುಗೆಮನೆಯಿಂದ ಕೂಗಿದರು: "ಏನೋ ಅದು, ಯಾರು ಪ ಭಾಷೆ ಮಾತಾಡೋದು? ಕೋಟೆಗೆ ಬಾ ಅಂತಿದಾನಲ್ಲ!"

ಪಕೋಪಟೆಪಗೆ ಪಬಾ. ಪ್ರತಿ ಅಕ್ಷರದ ಮುಂದೆ ಒಂದು 'ಪ'. ನಾವೆಲ್ಲ ಸಣ್ಣವರಿದ್ದಾಗ ದೊಡ್ಡವರಿಗೆ ಗೊತ್ತಾಗಬಾರದು ಅಂತ ಮಾತಾಡಿದ್ದೇ. ಈಗ ದೊಡ್ಡವರಿಗೆ ಮಾತ್ರ ಗೊತ್ತಿದೆ.

ಆ ಅಮ್ಮನಿಗೆ ಕತೆ ಗೊತ್ತಿಲ್ಲ, ಆಟ ಗೊತ್ತಿಲ್ಲ. ಅವರ ಹತ್ತಿರ ಇದ್ದದ್ದು ಒಂದೇ ಒಂದು ಚೂರು. ಅದನ್ನು ಅವರು ಅಡ್ಡಗೈ ಇಟ್ಟು ಮುಚ್ಚಿಕೊಳ್ಳಲಿಲ್ಲ. ಅಷ್ಟೇ.

ಇದು ಹೊಸ ಕಾಲದ ಇಂಟರ್ನೆಟ್ ಚಮತ್ಕಾರ ಅಂತ ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬಂಡೆಗೇ ಹೋಗೋಣ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಆದರೆ ಆ ಬ್ರಾಹ್ಮಿ ಲಿಪಿ ಓದಲು ಬಂದದ್ದು ಅದಕ್ಕೂ ಮುಂಚೆ, 1837ರಲ್ಲಿ. ಹೆಸರು ಬಂದದ್ದು ಜೇಮ್ಸ್ ಪ್ರಿನ್ಸೆಪ್‌ಗೆ. ಕಲ್ಕತ್ತಾದ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡುತ್ತಿದ್ದವರು. ಆದರೆ ಅವರ ಮೇಜಿನ ಮೇಲೆ ಏನಿತ್ತು? ದೇಶದ ಮೂಲೆಮೂಲೆಯಿಂದ ಯಾರ್ಯಾರೋ ಕಳಿಸಿದ ಶಾಸನಗಳ ಪ್ರತಿ. ಸಾಂಚಿಯಿಂದ ಬಂದ ಸಣ್ಣ ಸಣ್ಣ ಶಾಸನಗಳು ಒಂದೇ ಥರದ ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಇವು ಸ್ತೂಪಕ್ಕೆ ಭಕ್ತರು ಕೊಟ್ಟ ಕಾಣಿಕೆ ಇರಬಹುದಲ್ವಾ, ಹಾಗಿದ್ದರೆ ಆ ಪದ 'ದಾನಂ' ಆಗಿರಬೇಕು ಅಂತ ಊಹಿಸಿದರು. ಬೀಗ ತೆರೆಯಿತು. ಓದಲು ಬಂತು, ಆದರೆ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಈ 'ಪಿಯದಸಿ' ರಾಜ ಯಾರು? ಸಿಂಹಳದ ರಾಜ ಅಂತ ಮೊದಲು ತಪ್ಪು ತಿಳಿದರು. ಸಿಂಹಳದಲ್ಲೇ ಪಾಲಿ ಓದುತ್ತಿದ್ದ ಜಾರ್ಜ್ ಟರ್ನರ್ ಅಲ್ಲಿನ ಹಳೇ ಗ್ರಂಥ ನೋಡಿ, ಪಿಯದಸಿ ಅಂದರೆ ಅಶೋಕನೇ ಅಂತ ತಿಳಿಸಿದರು. ವಾಟ್ಸಾಪ್ ಇರಲಿಲ್ಲ, ಕಾಗದ ಇತ್ತು. ಉಳಿದದ್ದೆಲ್ಲ ನಮ್ಮ 23 ಜನರ ಗ್ರೂಪಿನ ಥರವೇ. ತಪ್ಪೂ ಸೇರಿ.

ಬ್ರಹ್ಮಗಿರಿ ಶಾಸನದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಿತಾಪತಿ ಇದೆ. ಕೊನೆಯಲ್ಲಿ ಬರೆದವನ ಸಹಿ. ಹೆಸರು ಚಪಡ. ಎಲ್ಲವನ್ನೂ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನೋ ಒಂದು ಪದ ಮಾತ್ರ ಖರೋಷ್ಠಿಯಲ್ಲಿ ಹಾಕಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓದುವ ಲಿಪಿ. ವಾಯವ್ಯ ಗಡಿಯ ಕಡೆ ಬಳಕೆಯಲ್ಲಿದ್ದದ್ದು. ನಮ್ಮ ಮೊಳಕಾಲ್ಮೂರಿನಲ್ಲಿ ಅದನ್ನು ಓದುವವರು ಆಗ ಎಷ್ಟು ಜನ ಇದ್ದಿರಬೇಕು? ಯಾರಿಗೆ ತೋರಿಸಲು ಬರೆದ ಮಾರಾಯ? ನನಗಂತೂ ಅವನು ನಮ್ಮ ಸೀಮೆಯ ಮೊದಲ ಪಪೆಟ್ ಮಾಸ್ಟರ್.

ನನ್ನ ಕೊನೆಯ ಒಗಟಿಗೆ ಇದನ್ನೇ ಇಟ್ಟೆ. ಒಂದು ಪತ್ರ, ಕೊನೆಯ ಸಾಲು ಅರ್ಥವೇ ಆಗದ ಅಕ್ಷರಗಳು, ಕೆಳಗೆ 'ಇಂತಿ ಚಪಡ'. ಎರಡು ದಿನ ಯಾರಿಗೂ ಬಗೆಹರಿಯಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಮೊಳಕಾಲ್ಮೂರಿನ ಹುಡುಗ ಒಬ್ಬ ಗ್ರೂಪಿನಲ್ಲಿದ್ದ. ಅಲ್ಲಿಯವರೆಗೆ ಒಂದು ಮೆಸೇಜೂ ಹಾಕಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ಬರೆದ: "ಸ್ಕೂಲಲ್ಲಿ ಬಂಡೆ ನೋಡೋಕೆ ಕರ್ಕೊಂಡು ಹೋಗಿದ್ರು. ಚಪಡ ಉಲ್ಟಾ ಬರೀತಿದ್ದ ಅಂತ ಮೇಷ್ಟ್ರು ಹೇಳಿದ ನೆನಪು. ತಪ್ಪಿದ್ರೆ ಬೈಬೇಡಿ." ಆ ಕೊನೆಯ ವಾಕ್ಯ ಓದಿ ನನಗೆ ಪಿಚ್ಚೆನಿಸಿತು. ಅರ್ಧ ಉತ್ತರ ಹೇಳೋಕೆ ಆ ಹುಡುಗ ಎರಡು ದಿನ ಹೆದರಿದ್ದ.

ಆದರೆ, ಇಲ್ಲಿ ಆದರೆ ಇದೆ.

2001ರ ಸೆಪ್ಟೆಂಬರ್ 11ರ ದಾಳಿ ಆದಾಗ ಕ್ಲೌಡ್‌ಮೇಕರ್ಸ್ ಗುಂಪಿನ ಕೆಲವರು, ನಾವು ಇದನ್ನೂ ಬಿಡಿಸೋಣ ಅಂತ ಹೊರಟರು. ಇದು ಆಟ ಅಲ್ಲ, ನಿಲ್ಲಿಸಿ ಅಂತ ಗುಂಪು ನಡೆಸುತ್ತಿದ್ದವರೇ ಹೇಳಬೇಕಾಯಿತು. ಅಲ್ಲಿ ಹೇಳುವವರಿದ್ದರು. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟ ಆದಾಗ ರೆಡ್ಡಿಟ್ ಅನ್ನೋ ಚರ್ಚೆಯ ವೆಬ್‌ಸೈಟಿನಲ್ಲಿ ಜನ ಫೋಟೋ ಹೋಲಿಸಿ ಹೋಲಿಸಿ, ಏನೂ ಮಾಡದ, ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಹೆಸರು ಹಿಡಿದು ಎಳೆದರು. ಆ ಹುಡುಗ ಅಷ್ಟರಲ್ಲಾಗಲೇ ತೀರಿಕೊಂಡಿದ್ದ. ಅವನಿಗಾಗಿ ಹುಡುಕುತ್ತಿದ್ದ ಮನೆಯವರಿಗೆ ಏನಾಗಿರಬೇಡ. ನಮ್ಮಲ್ಲೇ 2018ರಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸುಳಿವಾಯಿತು.

ಅಲ್ಲೂ ಅರ್ಧ ಅರ್ಧವನ್ನೇ ಜೋಡಿಸಿದ್ದು. ಹಾಗಾದರೆ ನನ್ನ ವಾದ ಬಿದ್ದುಹೋಯಿತಾ? ನಾನು ಇದನ್ನು ತುಂಬಾ ಯೋಚನೆ ಮಾಡಿದ್ದೇನೆ. ಆಟದಲ್ಲಿ ಪರದೆ ಹಿಂದೆ ಒಬ್ಬ ಇದ್ದಾನೆ. ಉತ್ತರ ಗೊತ್ತಿರುವವನು. ನಾವು ದಾರಿ ತಪ್ಪಿದರೆ ಬುರುಜನಹಟ್ಟಿಯಿಂದ ಯಾರನ್ನಾದರೂ ಓಡಿಸುತ್ತಾನೆ. ಬೀದಿಯಲ್ಲಿ ಹಾಗೆ ಯಾರೂ ಇಲ್ಲ. ಇನ್ನೊಂದು, ಆ ಮೊಳಕಾಲ್ಮೂರಿನ ಹುಡುಗ 'ತಪ್ಪಿದ್ರೆ ಬೈಬೇಡಿ' ಅಂದ ನೋಡಿ, ವಾಟ್ಸಾಪ್ ಫಾರ್ವರ್ಡಿನಲ್ಲಿ ಆ ಸಾಲು ಇರುವುದೇ ಇಲ್ಲ. ಅಲ್ಲಿ ಅರ್ಧ ಉತ್ತರ ಪೂರ್ತಿ ಉತ್ತರದ ವೇಷ ಹಾಕಿಕೊಂಡು ಬರುತ್ತದೆ.

ನಮ್ಮ ಆಟದಲ್ಲಿ ಒಬ್ಬಳು ಇದ್ದಳು, ಮಸ್ಕತ್‌ನವಳು. ಅವಳು ಒಂದು ಒಗಟನ್ನೂ ಬಿಡಿಸಲಿಲ್ಲ. ಮೊದಲ ದಿನವೇ ಒಂದು ಗೂಗಲ್ ಶೀಟ್ ತೆರೆದು ಮೂರು ಕಾಲಂ ಮಾಡಿದಳು: ಗೊತ್ತಾಗಿದ್ದು, ಊಹೆ, ತಪ್ಪು ದಾರಿ. ಯಾರು ಏನೇ ಹೇಳಿದರೂ ಅದು ಯಾವ ಕಾಲಮ್ಮಿಗೆ ಅಂತ ಕೇಳುತ್ತಿದ್ದಳು. ಕುಕ್ಕರ್ ಸೀಟಿ 'ಊಹೆ'ಯಿಂದ 'ತಪ್ಪು ದಾರಿ'ಗೆ ಹೋಯಿತು. ಹೊಸಬರು ಬಂದು ಮತ್ತೆ ಸೀಟಿ ಎಣಿಸುವ ಕಷ್ಟ ತಪ್ಪಿತು. ಎಲ್ಲರೂ ಪ ಭಾಷೆಯ ಅಮ್ಮನನ್ನು ಹೊಗಳಿದರು. ನಾನು ಈ ಶೀಟಿನವಳಿಗೆ ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ.

ಆಟ ಮುಗಿದ ಮೇಲೆ ಒಂದು ಭಾನುವಾರ ಎಂಟು ಜನ ದಾವಣಗೆರೆಗೆ ಬಂದಿದ್ದರು. ಬೆಣ್ಣೆದೋಸೆ ತಿನ್ನುತ್ತಾ ಕೂತಿದ್ದೆವು. ಮಸ್ಕತ್‌ನವಳು ವಿಡಿಯೋ ಕಾಲಿನಲ್ಲಿ, ಫೋನನ್ನು ಚಟ್ನಿ ಬಟ್ಟಲಿಗೆ ಒರಗಿಸಿಟ್ಟಿದ್ದೆವು. ಈಗ ಹೇಳಬಹುದು ಅಂತ ನಾನು ಎಲ್ಲ ಒಪ್ಪಿಕೊಂಡೆ. ಫಾಂಟ್ ಕೈಕೊಟ್ಟಿದ್ದು, ಅರ್ಕಾವತ್ತು ಬಿದ್ದುಹೋಗಿದ್ದು, ಚೀಟಿ ಬರೆಸಿ ಓಡಿಸಿದ್ದು. ಬಿಸಿಲಲ್ಲಿ ನಿಂತಿದ್ದವರಲ್ಲಿ ಒಬ್ಬ ನನ್ನ ದೋಸೆಯಿಂದ ಅರ್ಧ ಮುರಿದುಕೊಂಡ, ದಂಡ ಅಂತ.

ಇನ್ನೊಬ್ಬಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಫೋನಿನ ಕಡೆ ತಿರುಗಿ ಹೇಳಿದಳು: "ಏ, ಶೀಟು ತೆಗಿಯೇ. ಇವನು ಈಗ ಹೇಳಿದ್ದನ್ನು 'ಊಹೆ' ಕಾಲಮ್ಮಿಗೆ ಹಾಕು."