ಕಾರ್ಡ್ ಇಲ್ಲದ ಆಲ್‌ಸ್ಟಾರ್

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರ ಮನೆಯಲ್ಲಿ ಬೇಸ್‌ಬಾಲ್ ಕಾರ್ಡ್‌ಗಳ ಡಬ್ಬಿ ಒಂದಾದರೂ ಇರುತ್ತದೆ, ಅಲ್ವಾ? ಹಳೆ ಕಾರ್ಡ್ ಹುಡುಕುವ ಮಕ್ಕಳಿಗೆ ನೀವು ಒಂದೇ ಮಾತು ಹೇಳಿಕೊಡಿ: ಕಾರ್ಡ್ ಇಲ್ಲ ಅಂದ್ರೆ ಆಟ ಇರಲಿಲ್ಲ ಅಂತಲ್ಲ.

ಟಾಪ್ಸ್ ಆಗ ಬಬಲ್ ಗಮ್ ಮಾರುವ ಕಂಪನಿ. ಗಮ್ ಪೊಟ್ಟಣದಲ್ಲಿ ಆಟಗಾರರ ಕಾರ್ಡ್ ಇಡುತ್ತಿತ್ತು. 1958ರ ಸೆಟ್ಟಿನ ಕೊನೆಯಲ್ಲಿ ಆಲ್‌ಸ್ಟಾರ್ ಕಾರ್ಡ್‌ಗಳನ್ನೂ, ಅಂದರೆ ಎರಡು ದೊಡ್ಡ ಲೀಗ್‌ಗಳಿಂದ ಆಯ್ದ ಶ್ರೇಷ್ಠ ಆಟಗಾರರ ಕಾರ್ಡ್‌ಗಳನ್ನೂ ಸೇರಿಸಿತು. ಒಂದು ಲೀಗಿಗೆ ಮೂವರು ಔಟ್‌ಫೀಲ್ಡರ್ (ಮೈದಾನದ ಹೊರಭಾಗ ಕಾಯುವವರು), ಅಷ್ಟೇ. ಹಾಗಾಗಿ ಡೆಟ್ರಾಯಿಟ್‌ನ ಆಲ್ ಕೇಲೈನ್ ಅಂಥವರಿಗೂ ಆ ವರ್ಷ ಅಲ್ಲಿ ಜಾಗ ಸಿಗಲಿಲ್ಲ. ಇದನ್ನಾದರೂ ಒಪ್ಪಬಹುದು. ಮೋರಿ ವಿಲ್ಸ್ ಕಥೆ ಮಾತ್ರ ಒಪ್ಪೋಕಾಗಲ್ಲ.

ಚಿಕ್ಕ ಲೀಗ್‌ಗಳಲ್ಲಿ ಆಡುವ ಹುಡುಗರಿಗೆ ಟಾಪ್ಸ್ 5 ಡಾಲರ್ ಕೊಟ್ಟು ಕಾರ್ಡ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಿತ್ತು. ಇವನು ಮೇಲಕ್ಕೆ ಬರಲ್ಲ ಅಂತ ವಿಲ್ಸ್ ಅವರನ್ನು ಬಿಟ್ಟಿತು. ಆಮೇಲೆ ಅವರು ದೊಡ್ಡ ಲೀಗಿನ ಡಾಡ್ಜರ್ಸ್ ತಂಡದಲ್ಲಿ ಮಿಂಚಿದಾಗ, ಅವರೇ ಸಹಿ ಹಾಕಲಿಲ್ಲ!

1962ರ ಜುಲೈ 10, ವಾಷಿಂಗ್ಟನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ. ಅದು ವಿಲ್ಸ್ ಹುಟ್ಟೂರು. ಹಾಗಾಗಿ ಮನೆಯವರ ಜೊತೆ ಉಳಿದುಕೊಂಡು, ಮೈದಾನಕ್ಕೆ ಒಬ್ಬರೇ ಬಂದರು. ಸಣ್ಣ ಆಳು. ನಾನು ಆಟಗಾರ ಅಂದರೆ ಗೇಟಿನ ಕಾವಲುಗಾರ ನಂಬಲೇ ಇಲ್ಲ. ಡ್ರೆಸಿಂಗ್ ರೂಮಿನ ಬಾಗಿಲ ತನಕ ಕರೆದುಕೊಂಡು ಹೋಗಿ ಕೇಳಿದರೆ, ಒಳಗಿದ್ದ ಆಟಗಾರರು ತಮಾಷೆಗೆ ಇವರು ಯಾರೋ ಗೊತ್ತಿಲ್ಲ ಅಂದುಬಿಟ್ಟರು. ಕೊನೆಗೆ ಹೇಗೋ ಒಳಗೆ ಹೋದರು. ಆರನೇ ಇನಿಂಗ್ಸ್‌ನಲ್ಲಿ ಸ್ಟ್ಯಾನ್ ಮ್ಯೂಸಿಯಲ್ ಬದಲಿಗೆ ಓಡಲು ಇಳಿದರು, ಎರಡನೇ ಬೇಸ್ ಕದ್ದರು, ಅಂದರೆ ಬ್ಯಾಟರ್ ಚೆಂಡು ಹೊಡೆಯುವುದಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಮುಟ್ಟಿದರು, ಪಂದ್ಯದ ಮೊದಲ ರನ್ ತಂದರು. ಎಂಟನೇ ಇನಿಂಗ್ಸ್‌ನಲ್ಲಿ ಇನ್ನೊಂದು ರನ್. ವಿಲ್ಸ್ ಆಡಿದ ನ್ಯಾಷನಲ್ ಲೀಗ್ 3–1ರಲ್ಲಿ ಗೆದ್ದಿತು. ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ ಅನ್ನುವ ಪ್ರಶಸ್ತಿ ಶುರುವಾದದ್ದೇ ಆ ದಿನ, ಮೊದಲು ಪಡೆದವರು ವಿಲ್ಸ್. ಹೊರಗೆ ಬರುವಾಗ ಅದೇ ಕಾವಲುಗಾರನಿಗೆ ಟ್ರೋಫಿ ತೋರಿಸಿದರೆ, ಆಗಲೂ ಅವನು ನಂಬಲಿಲ್ಲವಂತೆ!

ಅದೇ ವರ್ಷ 104 ಬೇಸ್ ಕದ್ದು, 1915ರಿಂದ ಟೈ ಕಾಬ್ ಹೆಸರಲ್ಲಿದ್ದ 96ರ ದಾಖಲೆ ಮುರಿದರು. ಇಡೀ ನ್ಯಾಷನಲ್ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು. ಟಾಪ್ಸ್ ಸೆಟ್ಟಿನಲ್ಲಿ ಮಾತ್ರ ಅವರಿಲ್ಲ. 1963ರಲ್ಲಿ ಫ್ಲೀರ್ ಅನ್ನುವ ಕಂಪನಿ ಅವರ ಕಾರ್ಡ್ ತಂದಿತು. ಟಾಪ್ಸ್ ತಂದದ್ದು 1967ರಲ್ಲಿ. 1975ರಲ್ಲಿ ಹಳೆ ಶ್ರೇಷ್ಠ ಆಟಗಾರರ ಕಾರ್ಡ್‌ಗಳ ಚಿತ್ರ ಹಾಕಿ ಸರಣಿ ಮಾಡುವಾಗ, ಎಂದೂ ಇಲ್ಲದ 1962ರ ವಿಲ್ಸ್ ಕಾರ್ಡನ್ನು ಟಾಪ್ಸ್ ಹೊಸದಾಗಿ ಮಾಡಬೇಕಾಯಿತು. ಈಗ ಹೇಳಿ, ಕಾರ್ಡ್ ಇಲ್ಲ ಅಂದ್ರೆ ಆಟ ಇರಲಿಲ್ಲವಾ?

ಸಮಯ ಆಗುತ್ತಾ ಬಂತು, ಕಪ್ಪು ಆಟಗಾರ ಜೋಶ್ ಗಿಬ್ಸನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗೌಡಿ ಅನ್ನುವ ಗಮ್ ಕಂಪನಿಯ 1933ರ ಸೆಟ್ಟಿನಲ್ಲಿ ಬೇಬ್ ರೂತ್‌ಗೆ ನಾಲ್ಕು ಕಾರ್ಡ್. ಗಿಬ್ಸನ್‌ಗೆ ಒಂದೂ ಇಲ್ಲ, ಯಾಕಂದ್ರೆ ಆಗ ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗಳು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅದೇ 1933ರಲ್ಲಿ ಶಿಕಾಗೋದ ಕಾಮಿಸ್ಕಿ ಪಾರ್ಕ್‌ನಲ್ಲಿ ಎರಡು ಆಲ್‌ಸ್ಟಾರ್ ಪಂದ್ಯ ಶುರುವಾದವು. ಒಂದು ದೊಡ್ಡ ಲೀಗ್‌ಗಳದ್ದು, ಇನ್ನೊಂದು ಕಪ್ಪು ಆಟಗಾರರ ಈಸ್ಟ್-ವೆಸ್ಟ್ ಪಂದ್ಯ. ಹಳೆ ಸೆಟ್ ನೋಡುವಾಗ ಆ ವರ್ಷದ ಈ ಎರಡೂ ಪಂದ್ಯಗಳ ಆಟಗಾರರ ಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ, ಯಾರ ಕಾರ್ಡ್ ಇಲ್ಲ ಅಂತ ಮಕ್ಕಳೇ ಹುಡುಕಲಿ. ನಮಸ್ಕಾರ.