ಸ್ಟಾರ್ ಬಿಡಿ, ಮೊದಲು ಫೋನ್ ನಂಬರ್ ನೋಡಿ

ನಮಸ್ಕಾರ. ಅಂಗಡಿಯೋ, ಹೋಟೆಲೋ, ಕ್ಲಿನಿಕ್ಕೋ, ಏನೇ ನಡೆಸುತ್ತಿರಿ, ಈ ವಿಡಿಯೋ ಅಲ್ಲೇ ನಿಲ್ಲಿಸಿ. ಗೂಗಲ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹುಡುಕಿ. ಎಷ್ಟು ಸ್ಟಾರ್ ಬಂದಿದೆ ಅಂತ ನೋಡೋದು ಬೇಡ, ಅದನ್ನು ದಿನಾ ನೋಡುತ್ತೀರಿ. ಅಲ್ಲಿರುವ ಫೋನ್ ನಂಬರ್ ನಿಮ್ಮದೇನಾ?

ನಗಬೇಡಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಏನಾಯಿತು ಗೊತ್ತಾ? ಗೂಗಲ್ ಮ್ಯಾಪ್ಸ್‌ನಲ್ಲಿ ಬ್ಯಾಂಕ್ ಆಫ್ ಇಂಡಿಯಾದ ನಂಬರ್ ತೆಗೆದು ಕಳ್ಳರು ತಮ್ಮ ನಂಬರ್ ಹಾಕಿದರು. ಜನ ಬ್ಯಾಂಕಿಗೇ ಫೋನ್ ಮಾಡಿದ್ದೇವೆ ಅಂದುಕೊಂಡು ಪಿನ್, ಕಾರ್ಡ್ ಹಿಂದಿನ ಸಿವಿವಿ ನಂಬರ್ ಎಲ್ಲಾ ಹೇಳಿಬಿಟ್ಟರು. ಇದಕ್ಕೆ ಹ್ಯಾಕಿಂಗ್ ಕಲಿಯಬೇಕಾಗಿರಲಿಲ್ಲ. ಮ್ಯಾಪ್‌ನಲ್ಲಿ ‘ಸಜೆಸ್ಟ್ ಆ್ಯನ್ ಎಡಿಟ್’ ಅಂತ ಇದೆಯಲ್ಲ, ಅದನ್ನು ಯಾರು ಬೇಕಾದರೂ ಒತ್ತಬಹುದು. ನಂಬರ್ ಬದಲಿಸಿ ಅನ್ನಬಹುದು, ಅಂಗಡಿ ಮುಚ್ಚಿಹೋಗಿದೆ ಅಂತಲೂ ಹೇಳಬಹುದು. ಹೇಳಿದ್ದೆಲ್ಲ ಒಪ್ಪಿಗೆ ಆಗುವುದಿಲ್ಲ, ನಿಜ. ಆದರೆ ಕೆಲವು ಆಗುತ್ತವೆ. ಬದಲಾದರೆ ಗೂಗಲ್‌ನವರು ಮಾಲೀಕರ ಮೇಲ್‌ಗೆ ತಿಳಿಸುತ್ತಾರೆ.

ಗೂಗಲ್ ಲೆಕ್ಕದಲ್ಲಿ ಆ ಮಾಲೀಕರು ಯಾರು? ತಕರಾರು ಶುರುವಾಗೋದೇ ಇಲ್ಲಿ. ಹುಡುಕಿದಾಗ ನಂಬರ್, ಸಮಯ ಎಲ್ಲಾ ತೋರಿಸುತ್ತದಲ್ಲ, ಅದೇ ಅಂಗಡಿಯ ಗೂಗಲ್ ಪ್ರೊಫೈಲ್. ಎಷ್ಟೋ ಅಂಗಡಿಗಳ ಪ್ರೊಫೈಲ್ ಯಾವತ್ತೋ ಕೆಲಸ ಬಿಟ್ಟು ಹೋದ ಹುಡುಗನ ಜೀಮೇಲ್‌ನಲ್ಲಿರುತ್ತದೆ. ಇಲ್ಲವೇ ‘ಆನ್‌ಲೈನ್ ಎಲ್ಲಾ ನಾವೇ ನೋಡ್ಕೋತೀವಿ ಸಾರ್’ ಅಂದ ಏಜೆನ್ಸಿಯ ಹೆಸರಿನಲ್ಲಿ. ತಿಂಗಳ ದುಡ್ಡು ನಿಲ್ಲಿಸಿದರೆ ಅವರು ಫೋನೇ ಎತ್ತುವುದಿಲ್ಲ. ನನ್ನ ಪ್ರಕಾರ ಇದು ಅಂಗಡಿ ಬೀಗದ ಕೈ ಅಡವಿಟ್ಟ ಹಾಗೆ. ಏಜೆನ್ಸಿ ಇಟ್ಟುಕೊಳ್ಳಿ, ತಪ್ಪಿಲ್ಲ. ಅವರಿಗೆ ‘ಮ್ಯಾನೇಜರ್’ ಅನುಮತಿ ಕೊಟ್ಟರೆ ಸಾಕು, ‘ಓನರ್’ ನೀವೇ ಆಗಿರಿ. ಅಂದಹಾಗೆ, ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ‘ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತೆ’ ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಇಟ್ಟುಬಿಡಿ.

ಜಸ್ಟ್‌ಡಯಲ್, ಫೇಸ್‌ಬುಕ್ ಪೇಜ್, ಸ್ವಿಗ್ಗಿ, ಜೊಮ್ಯಾಟೊ, ಎಲ್ಲಾ ಕಡೆ ಇದೇ ಕಥೆ. ಯಾವುದೋ ಒಂದರಲ್ಲಿ ಸತ್ತುಹೋದ ಲ್ಯಾಂಡ್‌ಲೈನ್ ನಂಬರ್ ಇನ್ನೂ ಕೂತಿರುತ್ತದೆ.

ಇನ್ನು ರಿವ್ಯೂ. ಒಬ್ಬರು ಒಂದು ಸ್ಟಾರ್ ಕೊಟ್ಟು ‘ಚಟ್ನಿ ಹುಳಿ ಬಂದಿತ್ತು’ ಅಂತ ಬರೆಯುತ್ತಾರೆ. ಮಾಲೀಕರು ರಾತ್ರಿ ಗಲ್ಲಾ ಮುಚ್ಚಿ, ಸಿಟ್ಟಿನಲ್ಲಿ ಉತ್ತರ ಕುಟ್ಟುತ್ತಾರೆ: ‘ನೀವು ನಮ್ಮ ಹೋಟೆಲಿಗೆ ಬಂದೇ ಇಲ್ಲ, ಎದುರುಗಡೆಯವರು ಕಳಿಸಿದ್ದು.’ ಇರಬಹುದು. ಆದರೆ ಅದನ್ನು ಓದುವವರು ನಾಳೆ ಮನೆಯವರನ್ನೆಲ್ಲ ಕರ್ಕೊಂಡು ಬರೋಣ ಅಂತಿದ್ದವರು. ಅವರಿಗೆ ಹುಳಿ ಚಟ್ನಿಗಿಂತ ಈ ಬಾಯಿಗೇ ಜಾಸ್ತಿ ಭಯ. ‘ಮಧ್ಯಾಹ್ನದ ಚಟ್ನಿ ಸಂಜೆಗೆ ಉಳಿದಿತ್ತು, ಈಗ ಸಂಜೆಗೆ ಬೇರೆ ರುಬ್ಬುತ್ತಿದ್ದೇವೆ’ ಅಂತ ಬರೆದು ನೋಡಿ. ಹಾಗೆ ರುಬ್ಬುತ್ತಿದ್ದರೆ ಮಾತ್ರ, ಮತ್ತೆ! ದುಡ್ಡು ಕೊಟ್ಟು ಐದು ಸ್ಟಾರ್ ತರಿಸುವವರಿಗೆ ನಾನು ಹೇಳೋದು ಇಷ್ಟೇ: ಗೂಗಲ್ ನಿಯಮ ಇದನ್ನು ಒಪ್ಪುವುದಿಲ್ಲ. ಅದೂ ಅಲ್ಲದೆ ಒಂದೇ ದಿನ ಬಂದ ಮೂವತ್ತು ‘ಸೂಪರ್’ಗಳು ಯಾರ ಕಣ್ಣಿಗಾದರೂ ಬೀಳುತ್ತವೆ.

ಕೊನೆಗೆ ಒಂದು ಸಣ್ಣ ವಿಷಯ. ಆಯುಧ ಪೂಜೆ ದಿನ ಬೆಳಿಗ್ಗೆಯೇ ಪೂಜೆ ಮುಗಿಸಿ ಶಟರ್ ಎಳೆಯುತ್ತೀರಿ. ಗೂಗಲ್‌ನಲ್ಲಿ ಮಾತ್ರ ‘ಓಪನ್, ರಾತ್ರಿ 9ರವರೆಗೆ’ ಅಂತಿರುತ್ತದೆ. ಪಾಪ, ಪಕ್ಕದ ಊರಿನಿಂದ ಪಂಪ್‌ಸೆಟ್ ಬಿಡಿಭಾಗಕ್ಕೆ ಬೈಕಲ್ಲಿ ಬಂದವರು ಬೀಗ ನೋಡಿ ವಾಪಸ್ ಹೋಗುತ್ತಾರೆ. ಹಬ್ಬದ ದಿನಕ್ಕೆ ಅಂತಲೇ ಪ್ರೊಫೈಲ್‌ನಲ್ಲಿ ‘ಸ್ಪೆಷಲ್ ಅವರ್ಸ್’ ಇದೆ. ಹೂವು, ಬೂದುಗುಂಬಳ ತರಿಸುವ ದಿನವೇ ಅದನ್ನೂ ತುಂಬಿಸಿಬಿಡಿ.